ಎಂಟು ಲಕೋಟೆ, ಒಂದು ಕೊಲೆ

ಪತ್ತೇದಾರಿ ಕಾದಂಬರಿ ಓದುವಾಗ ನಾವು ಕತೆಯ ಹೊರಗೆ ಕೂತಿರುತ್ತೇವೆ. ಹೆಣ ಬಿದ್ದಿರುವುದು ಕತೆಯೊಳಗಿನ ಮನೆಯಲ್ಲಿ. ಅನುಮಾನಿಸುವವನು, ಸುಳ್ಳು ಹೇಳುವವನು, ಹೆದರಿ ಬೆವರುವವನು ಎಲ್ಲರೂ ಅಲ್ಲಿಯವರೇ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಬೆಳೆದ ನಮ್ಮ ಹಿರಿಯರಿಗೆ ಆ ಸುಖ ಚೆನ್ನಾಗಿ ಗೊತ್ತು. ಇವತ್ತು ನಾನು ಮಾತಾಡಹೊರಟಿರುವುದು ಓದುಗನೇ ಇಲ್ಲದ ಪತ್ತೇದಾರಿ ಕತೆಯ ಬಗ್ಗೆ. ಎಂಟೋ ಹತ್ತೋ ಜನ ಒಂದು ಕೋಣೆಯಲ್ಲಿ ಸೇರುತ್ತಾರೆ. ಒಬ್ಬೊಬ್ಬರ ಕೈಗೂ ಒಂದೊಂದು ಲಕೋಟೆ. ಒಳಗಿರುವ ಹಾಳೆಯಲ್ಲಿ ಅವರಿಗೊಂದು ಹೊಸ ಹೆಸರು, ಹೊಸ ಕಸುಬು, ಯಾರಿಗೂ ಹೇಳದ ಒಂದು ಗುಟ್ಟು. ಅವುಗಳಲ್ಲಿ ಒಂದು ಹಾಳೆಯಲ್ಲಿ ಮಾತ್ರ ‘ಕೊಂದವರು ನೀವೇ’ ಎಂಬ ಸಾಲು. ಮುಂದಿನ ಎರಡು ಮೂರು ಗಂಟೆ ಅವರೆಲ್ಲ ಆ ಹೊಸ ಹೆಸರಿನಲ್ಲೇ ಓಡಾಡುತ್ತಾರೆ, ಒಬ್ಬರನ್ನೊಬ್ಬರು ಮೂಲೆಗೆ ಕರೆದು ವಿಚಾರಿಸುತ್ತಾರೆ, ಮುಚ್ಚಿಡುತ್ತಾರೆ, ಚೌಕಾಸಿ ಮಾಡುತ್ತಾರೆ. ಕೊನೆಗೆ ಎಲ್ಲರೂ ಸೇರಿ ಕೊಲೆಗಾರನತ್ತ ಬೆರಳು ತೋರಿಸಬೇಕು.

ಇಂಥ ಆಟಗಳನ್ನು ಕನ್ನಡದಲ್ಲಿ ಬರೆದು ಆಡಿಸುವುದು ನನ್ನ ಬಹುಕಾಲದ ಪ್ರೀತಿ. ಆಡಿಸುತ್ತ ಆಡಿಸುತ್ತ ನನ್ನಲ್ಲೊಂದು ನಂಬಿಕೆ ಗಟ್ಟಿಯಾಗಿದೆ. ಕೊಲೆಯ ಒಗಟು ಎಷ್ಟೇ ಚಂದ ಇರಲಿ, ಆ ಕೋಣೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವ ಮನುಷ್ಯನ ಹತ್ತಿರ ಉಳಿದವರು ತಾವಾಗಿಯೇ ಎದ್ದು ಹೋಗುವಂತೆ ಮಾಡದಿದ್ದರೆ ಆ ಆಟ ಸರಿಯಾಗಿ ಕಟ್ಟಿದ ಆಟವಲ್ಲ. ಅದು ಹೇಗೆ ಸಾಧ್ಯ ಎಂಬುದನ್ನೇ ಇವತ್ತು ಬಿಡಿಸಿ ಹೇಳುತ್ತೇನೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿನ ದೊಡ್ಡ ಮನೆಗಳಿಗೆ, ಹೋಟೆಲುಗಳಿಗೆ ವಾರದ ಕೊನೆಗೆ ಬಂದ ಅತಿಥಿಗಳು ಕೊಲೆಯಾಟ ಆಡುತ್ತಿದ್ದರು. ಒಬ್ಬರು ಹಜಾರದಲ್ಲಿ ಕಳ್ಳಹೆಜ್ಜೆ ಇಟ್ಟು ಬಂದು ಇನ್ನೊಬ್ಬರನ್ನು ‘ಕೊಲ್ಲು’ವುದು, ಸತ್ತವರು ಚೀರಿ ನೆಲಕ್ಕೆ ಬೀಳುವುದು, ಆಮೇಲೆ ವಿಚಾರಣೆ. 1934ರಲ್ಲಿ ನೈಯೊ ಮಾರ್ಷ್ ಬರೆದ ಮೊದಲ ಪತ್ತೇದಾರಿ ಕಾದಂಬರಿಯಲ್ಲಿ ಇಂಥದೇ ಒಂದು ಆಟದ ನಡುವೆ ನಿಜವಾದ ಹೆಣ ಬೀಳುತ್ತದೆ. ಅಷ್ಟರಮಟ್ಟಿಗೆ ಅದು ಆ ಕಾಲದ ಜನಕ್ಕೆ ಪರಿಚಿತವಾಗಿತ್ತು.

ಬರ್ಮಿಂಗ್‌ಹ್ಯಾಮಿನ ಆಂಥನಿ ಪ್ರ್ಯಾಟ್ ಅಂಥ ಹೋಟೆಲುಗಳಲ್ಲಿ ಪಿಯಾನೊ ನುಡಿಸುತ್ತಿದ್ದ ಕಲಾವಿದರು. ಅತಿಥಿಗಳ ಈ ಗದ್ದಲವನ್ನು ಅವರು ಹತ್ತಿರದಿಂದ ನೋಡಿದ್ದರು. ಎರಡನೆಯ ಮಹಾಯುದ್ಧ ಬಂತು. ಬಾಂಬ್ ದಾಳಿಯ ಭಯಕ್ಕೆ ಊರಿಗೆ ಊರೇ ದೀಪ ಆರಿಸಿ ಕೂತಿತು. ಅತಿಥಿಗಳೂ ಇಲ್ಲ, ಸಂತೋಷಕೂಟವೂ ಇಲ್ಲ. ಯುದ್ಧಕಾಲದಲ್ಲಿ ಹಿಡಿದ ಕಾರ್ಖಾನೆಯ ಕೆಲಸ ಮುಗಿಸಿ ಮನೆಯಲ್ಲಿ ಕೂತ ಪ್ರ್ಯಾಟ್, ತಾವು ನೋಡಿದ್ದ ಆ ಆಟವನ್ನು ಒಂದು ಹಲಗೆಯ ಮೇಲಕ್ಕೆ ತಂದರು. ಹಲಗೆಯ ಚಿತ್ರ ಬರೆದವರು ಅವರ ಹೆಂಡತಿ ಎಲ್ವಾ. 1944ರ ಡಿಸೆಂಬರ್ 1ರಂದು ಪೇಟೆಂಟಿಗೆ ಅರ್ಜಿ ಹಾಕಿದರು. ಯುದ್ಧ ಮುಗಿದ ಮೇಲೂ ಸಾಮಗ್ರಿಗಳಿಗೆ ಬರ ಇದ್ದುದರಿಂದ ಆಟ ಅಂಗಡಿಗೆ ಬಂದದ್ದು 1949ರಲ್ಲಿ. ಅದೇ ಕ್ಲೂಡೊ. ಆರು ಜನ ಶಂಕಿತರು, ಆರು ಆಯುಧ, ಒಂಬತ್ತು ಕೋಣೆ. ಗುಣಿಸಿದರೆ 324 ಉತ್ತರಗಳು.

ಕ್ಲೂಡೊ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಆ 324 ಉತ್ತರಗಳಲ್ಲಿ ಒಂದಕ್ಕೂ ‘ಯಾಕೆ’ ಎಂಬುದಿಲ್ಲ. ಯಾರು, ಎಲ್ಲಿ, ಯಾವುದರಿಂದ, ಇಷ್ಟು ಗೊತ್ತಾದರೆ ಆಟ ಮುಗಿಯಿತು. ಕೊಂದವನಿಗೆ ಸಿಟ್ಟಿತ್ತೋ ಸಂಕಟವಿತ್ತೋ ಯಾರೂ ಕೇಳುವುದಿಲ್ಲ. ಕೊಲೆಗಾರ ನೀವು ನಡೆಸುತ್ತಿರುವ ಕಾಯಿಯೇ ಆಗಿರಬಹುದು, ಅದು ನಿಮಗೂ ತಿಳಿದಿರುವುದಿಲ್ಲ. ಹಜಾರದಲ್ಲಿ ಓಡಾಡುತ್ತಿದ್ದ ಮನುಷ್ಯರು ಹಲಗೆಯ ಮೇಲೆ ಬಣ್ಣದ ಕಾಯಿಗಳಾದಾಗ ಈ ‘ಯಾಕೆ’ ಹೊರಗೆ ಉಳಿಯಿತು. ಅದನ್ನು ವಾಪಸು ಕರೆತರುವುದೇ ಜೀವಂತ ಕೊಲೆಯಾಟ ಬರೆಯುವವರ ಕೆಲಸ ಎಂದು ನಾನು ತಿಳಿದಿದ್ದೇನೆ.

ಅದು ವಾಪಸು ಬಂದದ್ದು ಮೆಲ್ಲಮೆಲ್ಲಗೆ. 1977ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬೆಟ್ಟಸಾಲಿನಲ್ಲಿ ಸರೋವರದ ದಂಡೆಗಿರುವ ಮೊಹಾಂಕ್ ಮೌಂಟನ್ ಹೌಸ್ ಎಂಬ ಹಳೆಯ ಹೋಟೆಲಿನಲ್ಲಿ ಪತ್ತೇದಾರಿ ವಾರಾಂತ್ಯ ಶುರುವಾಯಿತು. ಅದರ ಹಿಂದಿದ್ದವರು ಡಿಲಿಸ್ ವಿನ್. ನ್ಯೂಯಾರ್ಕ್ ನಗರದಲ್ಲಿ ಪತ್ತೇದಾರಿ ಪುಸ್ತಕಗಳಿಗೆಂದೇ ಅಂಗಡಿ ತೆರೆದಿದ್ದ ಮಹಿಳೆ. ಇಂಗ್ಲೆಂಡಿನಲ್ಲಿ 1981ರಿಂದ ಜಾಯ್ ಸ್ವಿಫ್ಟ್ ಹೋಟೆಲುಗಳಲ್ಲಿ ಇಂಥ ವಾರಾಂತ್ಯಗಳನ್ನು ನಡೆಸತೊಡಗಿದರು. ಅಲ್ಲೆಲ್ಲ ಶಂಕಿತರ ಪಾತ್ರ ನಟರದು ಅಥವಾ ಲೇಖಕರದು. ಹಣ ಕೊಟ್ಟು ಬಂದ ಅತಿಥಿಗಳು ಪತ್ತೇದಾರರು. ಪ್ರಶ್ನೆ ಕೇಳುವವರ ಸಾಲು ಒಂದು ಕಡೆ, ಗುಟ್ಟು ಇರುವವರ ಸಾಲು ಇನ್ನೊಂದು ಕಡೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1980ರ ದಶಕದ ಆರಂಭದಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಒಂದು ಗುಂಪು ಬೇರೆ ದಾರಿ ಹಿಡಿಯಿತು. ಬಂದವರೆಲ್ಲರಿಗೂ ಪಾತ್ರ, ಎಲ್ಲರಿಗೂ ಗುಟ್ಟು, ಎಲ್ಲರಿಗೂ ಏನೋ ಒಂದು ಬೇಕು. ಪ್ರೇಕ್ಷಕ ಎಂಬ ಕೊನೆಯ ಕುರ್ಚಿಯನ್ನೂ ಅವರು ಎತ್ತಿಟ್ಟರು. ಊಟದ ಮೇಜಿನ ಸುತ್ತ ಕೂತು ಆಡುವ ಪೆಟ್ಟಿಗೆಯ ಆಟಗಳೂ ಆ ದಶಕದಲ್ಲೇ ಮನೆಮನೆಗೆ ಬಂದವು.

ಮಾಫಿಯಾ ಎಂಬ ಆಟದ ಬಗ್ಗೆಯೂ ಒಂದು ಮಾತು ಹೇಳಬೇಕು, ಯಾಕೆಂದರೆ ನಮ್ಮ ಕಾಲೇಜು ಹುಡುಗರು ರೈಲಿನಲ್ಲಿ, ಟ್ರೆಕ್ಕಿಂಗ್ ಕ್ಯಾಂಪಿನಲ್ಲಿ ಅದನ್ನು ಆಡುತ್ತಾರೆ. 1986ರಲ್ಲಿ ಮಾಸ್ಕೊ ವಿಶ್ವವಿದ್ಯಾಲಯದ ಮನಶ್ಶಾಸ್ತ್ರದ ವಿದ್ಯಾರ್ಥಿ ದಿಮಿತ್ರಿ ದವಿದೋಫ್ ಕಟ್ಟಿದ ಆಟ ಅದು. ಒಂದು ಕಟ್ಟು ಇಸ್ಪೀಟ್ ಎಲೆ ಸಾಕು. ತುಂಬ ಚುರುಕಾದ ಆಟ. ಆದರೆ ಅಲ್ಲಿ ಸುಳಿವು ಎಂಬುದಿಲ್ಲ, ಗಟ್ಟಿ ದನಿಯೇ ಸಾಕ್ಷಿ. ಮೇಲಾಗಿ ಮೊದಲ ಸುತ್ತಿನಲ್ಲೇ ‘ಸತ್ತವರು’ ಉಳಿದ ಹೊತ್ತೆಲ್ಲ ಗೋಡೆಗೆ ಒರಗಿ ನೋಡಬೇಕು. ಕೊಲೆಯಾಟ ಬರೆಯುವಾಗ ನಾನು ತಪ್ಪದೆ ಪಾಲಿಸುವ ನಿಯಮವೊಂದು ಇಲ್ಲಿಂದಲೇ ಬಂದದ್ದು. ಆಡಲು ಬಂದವರನ್ನು ಸಾಯಿಸಬಾರದು. ಸತ್ತವರು ಆಟ ಶುರುವಾಗುವ ಮುನ್ನವೇ ಸತ್ತಿರಬೇಕು, ಅವರ ಪಾತ್ರ ಯಾರ ಲಕೋಟೆಯಲ್ಲೂ ಇರಕೂಡದು.

ಈಗ ಚೀನಾದ ಕಡೆ ನೋಡಬೇಕು. ಈ ಆಟ ಅತ್ಯಂತ ಹುಲುಸಾಗಿ ಬೆಳೆದ ನೆಲ ಅದು. 2014ರಲ್ಲಿ ಕೊರಿಯಾದ ದೂರದರ್ಶನದಲ್ಲಿ ‘ಕ್ರೈಮ್ ಸೀನ್’ ಎಂಬ ಕಾರ್ಯಕ್ರಮ ಬಂತು. ತಾರೆಯರು ಶಂಕಿತರಾಗಿ ಪಾತ್ರ ವಹಿಸಿ ತಮ್ಮೊಳಗಿನ ಕೊಲೆಗಾರನನ್ನು ಹುಡುಕುವ ಕಾರ್ಯಕ್ರಮ. 2016ರಲ್ಲಿ ಚೀನಾದ ಮ್ಯಾಂಗೊ ಟಿವಿ ಅದರ ಚೀನೀ ರೂಪ ತಂದಿತು. ಅದನ್ನು ನೋಡಿದ ಯುವಜನರಿಗೆ ತಾವೂ ಆಡಬೇಕೆನಿಸಿತು. ನಗರ ನಗರಗಳಲ್ಲಿ ಇದಕ್ಕೆಂದೇ ಅಂಗಡಿಗಳು ಎದ್ದವು. ಆಟದ ಹೆಸರು ಜುಬೆನ್‌ಶಾ. ಆರೇಳು ಜನ ಹಣ ಕೊಟ್ಟು ಒಂದು ಕೋಣೆಗೆ ಹೋಗುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಪುಸ್ತಿಕೆ, ಹಲವು ಪುಟಗಳದ್ದು. ಮೊದಲು ಎಲ್ಲರೂ ಮೌನವಾಗಿ ಓದುತ್ತಾರೆ. ಆಮೇಲೆ ಮಾತು, ಸುಳಿವಿನ ಚೀಟಿಗಳ ಹುಡುಕಾಟ, ಮತ್ತೆ ಮಾತು, ಕೊನೆಗೆ ಮತದಾನ. ನಾಲ್ಕೈದು ಗಂಟೆ ಹೋದದ್ದೇ ತಿಳಿಯುವುದಿಲ್ಲ.

ನನ್ನ ಗಮನ ಸೆಳೆದದ್ದು ಅಂಗಡಿಗಳ ಸಂಖ್ಯೆಗಿಂತ ಹೆಚ್ಚಾಗಿ ಅಲ್ಲಿ ಕತೆಗಳೇ ಕವಲೊಡೆದ ರೀತಿ. ಒಂದು ಬಗೆಯ ಕತೆಗಳಲ್ಲಿ ಬರೀ ತರ್ಕ. ಗಂಟೆ, ನಿಮಿಷ, ಬೀಗ, ಕಿಟಕಿ. ಇನ್ನೊಂದು ಬಗೆಯನ್ನು ಅವರು ಭಾವದ ಕತೆ ಎನ್ನುತ್ತಾರೆ. ಅದರಲ್ಲಿ ಕೊಲೆಗಾರ ಯಾರೆಂಬುದು ನೆಪ ಮಾತ್ರ. ತಾಯಿ ಮಗಳು, ಬೇರೆಯಾದ ಪ್ರೇಮಿಗಳು, ಯುದ್ಧಕ್ಕೆ ಹೋದ ಗೆಳೆಯರು, ಹೀಗೆ ಪಾತ್ರ ವಹಿಸಿದವರು ಕೊನೆಗೆ ನಿಜವಾಗಿ ಅತ್ತುಬಿಡುತ್ತಾರೆ. ಮೊದಲ ಸಲ ಭೇಟಿಯಾದ ಅಪರಿಚಿತರು ಒಂದು ಕೋಣೆಯಲ್ಲಿ ಕೂತು ಹಾಗೆ ಅಳಬಲ್ಲರು ಎಂಬುದೇ ಈ ಕಲೆಯ ಶಕ್ತಿ ಎಂಥದೆಂದು ತೋರಿಸುತ್ತದೆ. ಶಕ್ತಿ ಇದ್ದಲ್ಲಿ ಎಚ್ಚರವೂ ಬೇಕಾಗುತ್ತದೆ. 2022ರ ಜೂನ್‌ನಲ್ಲಿ ಅಲ್ಲಿನ ಸಂಸ್ಕೃತಿ ಮತ್ತು ಪ್ರವಾಸೋದ್ಯಮ ಸಚಿವಾಲಯ ಬೇರೆ ಇಲಾಖೆಗಳ ಜೊತೆ ಸೇರಿ ಈ ಅಂಗಡಿಗಳಿಗೆ ಕಟ್ಟಳೆ ತಂದಿತು. ಯಾವ ಕತೆ ಯಾವ ವಯಸ್ಸಿನವರಿಗೆ ಎಂಬುದನ್ನು ತಿಳಿಸಬೇಕು, ಶಾಲೆ ಇರುವ ದಿನ ಮಕ್ಕಳಿಗೆ ಆಡಿಸಬಾರದು ಎಂದೆಲ್ಲ. ವಯಸ್ಸಿನ ಕಟ್ಟಳೆ ನನಗೆ ಒಪ್ಪಿಗೆ. ಕತೆಗಾರರ ಕಲ್ಪನೆಯ ಮೇಲೆ ಸರಕಾರ ಕಾವಲು ಕೂರುವುದು ಒಪ್ಪಿಗೆಯಿಲ್ಲ.

ಇಷ್ಟೆಲ್ಲ ಹೊರಗಿನದಾಯಿತು. ನಮ್ಮಲ್ಲಿ ಇದಕ್ಕೆ ನೆಲೆ ಇಲ್ಲವೇ? ತಾಳಮದ್ದಳೆ ಕೇಳಿದವರಿಗೆ ಈ ಆಟದ ಜೀವಾಳವನ್ನು ವಿವರಿಸುವ ಅಗತ್ಯವೇ ಇಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಅರ್ಥಧಾರಿ ಕೂತಲ್ಲೇ ಕೂತು ವಾಲಿಯಾಗುತ್ತಾನೆ, ಕರ್ಣನಾಗುತ್ತಾನೆ. ಪ್ರಸಂಗ ಗೊತ್ತು, ಆಡಬೇಕಾದ ಮಾತು ಮಾತ್ರ ಆ ಗಳಿಗೆಯಲ್ಲಿ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾದಕ್ಕೆ ಇಳಿದರೆ ಎದುರಿನ ಅರ್ಥಧಾರಿ ಉತ್ತರವನ್ನು ಅಲ್ಲೇ ಹುಡುಕಿಕೊಳ್ಳಬೇಕಿತ್ತು. ತಾಳಮದ್ದಳೆಯಲ್ಲಿ ಕೌರವನಿಗೂ ಅವನದೇ ಒಂದು ಪಕ್ಷ ಇರುತ್ತದೆ. ಅದನ್ನು ಅವನು ಪೂರ್ತಿ ನಂಬಿ ಮಂಡಿಸುತ್ತಾನೆ, ಕೇಳುವವರು ಅರೆಗಳಿಗೆ ಅವನ ಕಡೆಗೇ ವಾಲುತ್ತಾರೆ.

ಕೊಲೆಯಾಟ ಬರೆಯುವವರು ಕಲಿಯಬೇಕಾದದ್ದು ಇದನ್ನೇ. ಸಂಭಾಷಣೆ ಬರೆದುಕೊಟ್ಟರೆ ಆಡುವವರು ಹಾಳೆ ನೋಡಿ ಒಪ್ಪಿಸುತ್ತಾರೆ, ಪಾಠ ಒಪ್ಪಿಸಿದ ಹಾಗೆ ದನಿ ಸತ್ತಿರುತ್ತದೆ. ಅದರ ಬದಲು ಒಬ್ಬೊಬ್ಬರಿಗೂ ಅವರ ಪಕ್ಷ ಬರೆದುಕೊಡಿ. ನೀವು ಯಾರು, ನಿಮಗೆ ಏನು ಗೊತ್ತು, ಏನನ್ನು ಮುಚ್ಚಿಡಬೇಕು, ಇವತ್ತು ರಾತ್ರಿಯೊಳಗೆ ನಿಮಗೆ ಏನು ದಕ್ಕಬೇಕು. ಮಾತು ತಾನಾಗಿ ಬರುತ್ತದೆ. ‘ನನಗೆ ನಟನೆ ಬರುವುದಿಲ್ಲ’ ಎನ್ನುವವರು, ಪಕ್ಷ ಕೈಗೆ ಬಂದ ಅರ್ಧ ಗಂಟೆಯಲ್ಲಿ ವಕೀಲರನ್ನು ಮೀರಿಸಿ ವಾದಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಬರೀ ತತ್ವ ಹೇಳಿದರೆ ಸಾಲದು. ಒಂದು ಆಟವನ್ನು ನಿಮ್ಮೆದುರೇ ಕಟ್ಟಿ ತೋರಿಸುತ್ತೇನೆ.

ಬಾದಾಮಿಯ ಬನಶಂಕರಿ ಜಾತ್ರೆ. ವರ್ಷ ವರ್ಷ ಅಲ್ಲಿ ವೃತ್ತಿ ನಾಟಕ ಕಂಪನಿಗಳು ಕ್ಯಾಂಪ್ ಹಾಕುವುದು ನಿಮಗೆಲ್ಲ ಗೊತ್ತು. ಅಂಥದೊಂದು ಕಲ್ಪನೆಯ ಕಂಪನಿ ನಮ್ಮದು. ರಾತ್ರಿ ನಾಟಕ ನಡೆಯುತ್ತಿದೆ. ಎರಡನೆಯ ಅಂಕ ಮುಗಿದಾಗ ಜನರೇಟರ್ ನಿಂತು ಕೆಲವು ನಿಮಿಷ ಕತ್ತಲೆ. ದೀಪ ಬಂದು, ಮೂರನೆಯ ಅಂಕವೂ ಶುರುವಾದ ಮೇಲೆ ಗೊತ್ತಾಗುತ್ತದೆ, ರಂಗದ ಹಿಂದಿನ ತಗಡಿನ ಕೋಣೆಯಲ್ಲಿ ಕಂಪನಿಯ ಮಾಲೀಕ ಸತ್ತು ಬಿದ್ದಿದ್ದಾನೆ. ಕುತ್ತಿಗೆಗೆ ಹಗ್ಗ ಬಿಗಿದ ಗುರುತು. ಲಕೋಟೆ ಎಂಟು. ನಾಯಕಿ ಪಾತ್ರದ ನಟಿ, ಹಾಸ್ಯಗಾರ, ಪೇಟಿ ಮಾಸ್ತರ್, ಮ್ಯಾನೇಜರ್, ಪರದೆ ಬರೆಯುವ ಕಲಾವಿದ, ಮಾಲೀಕನ ತಮ್ಮ, ಅಡುಗೆಯಾಕೆ, ನಾಟಕದ ಗುತ್ತಿಗೆ ಹಿಡಿದ ಊರಿನ ಕಂಟ್ರಾಕ್ಟರ್.

ಬರೆಯುವುದಕ್ಕೆ ಕೂತಾಗ ಮೊದಲು ಬರೆಯಬೇಕಾದದ್ದು ಕೊನೆಯನ್ನು. ಒಂದೇ ಪುಟ, ನಿಜವಾಗಿ ನಡೆದದ್ದೇನು. ನಮ್ಮ ಆಟದಲ್ಲಿ ಕೊಂದವನು ಪರದೆ ಬರೆಯುವ ಕಲಾವಿದ. ಇಡೀ ಆಯುಷ್ಯ ಬರೆದ ಅರಮನೆ, ಕಾಡು, ಕೈಲಾಸದ ಪರದೆಗಳನ್ನೆಲ್ಲ ಮಾಲೀಕ ಅವನಿಗೊಂದು ಮಾತೂ ಹೇಳದೆ ಮಾರಿದ್ದಾನೆ, ಕೊಂಡವರು ಅವನ್ನು ಲಾರಿಯ ಟಾರ್ಪಾಲು ಮಾಡಿಕೊಳ್ಳುತ್ತಾರೆ. ಇದು ಕೊಲ್ಲುವುದಕ್ಕೆ ಸಾಕಾಗುವ ಕಾರಣವೇ ಎಂದು ನೀವು ಕೇಳಬಹುದು. ಕಾರಣ ದೊಡ್ಡದಿರಬೇಕೆಂದಿಲ್ಲ, ಆ ಪಾತ್ರಕ್ಕೆ ಅದೇ ಬದುಕಾಗಿರಬೇಕು. ಆಟದ ಕೊನೆಯಲ್ಲಿ ಆತ ಎದ್ದು ನಿಂತು ‘ಹೌದು, ಯಾಕೆಂದರೆ…’ ಎಂದು ಹೇಳುವಾಗ ಉಳಿದ ಏಳು ಜನ ಒಂದು ಗಳಿಗೆ ಸುಮ್ಮನಾಗಬೇಕು. ಆಸ್ತಿಗಾಗಿ ಕೊಂದೆ ಎಂದರೆ ಯಾರೂ ಸುಮ್ಮನಾಗುವುದಿಲ್ಲ.

ಇನ್ನು ಸುಳಿವು. ಕತ್ತಲಾದಾಗ ಕಲಾವಿದ ಪರದೆಯ ಎರಡು ಹಗ್ಗಗಳಲ್ಲಿ ಒಂದನ್ನು ಬಿಚ್ಚಿಕೊಂಡ. ಆ ಸಂಜೆಯಷ್ಟೇ ಅವನೇ ಪರದೆಯ ಅಂಚಿಗೆ ಬಣ್ಣ ಹಚ್ಚಿದ್ದ, ಅದು ಇನ್ನೂ ಒಣಗಿರಲಿಲ್ಲ, ಹಗ್ಗಕ್ಕೂ ತಾಗಿತ್ತು. ಈ ಸತ್ಯವನ್ನು ನಾನು ಮೂರು ತುಂಡು ಮಾಡುತ್ತೇನೆ. ಪೇಟಿ ಮಾಸ್ತರರ ಹಾಳೆಯಲ್ಲಿ ಹೀಗಿರುತ್ತದೆ: ಮೂರನೆಯ ಅಂಕದ ಪರದೆ ಹೊತ್ತಿಗೆ ಸರಿಯಾಗಿ ಏಳಲಿಲ್ಲ, ನೀವು ಅದೇ ರಾಗವನ್ನು ಎಳೆದೆಳೆದು ನುಡಿಸಬೇಕಾಯಿತು, ನಾಯಕನಟ ಬಣ್ಣ ಮುಗಿಸಿರಲಿಲ್ಲವೇನೋ ಎಂದುಕೊಂಡಿರಿ. ನಾಯಕಿಯ ಹಾಳೆಯಲ್ಲಿ: ನೀವು ರಂಗಕ್ಕೆ ಬಂದಾಗ ಪರದೆ ಒಂದು ಕಡೆ ವಾಲಿತ್ತು, ಜನ ನಕ್ಕರು, ನಿಮಗೆ ಅವಮಾನವಾಯಿತು. ಅಡುಗೆಯಾಕೆಯ ಹಾಳೆಯಲ್ಲಿ: ಕಲಾವಿದ ಊಟ ಮಾಡಿ ಕೈತೊಳೆದು ಹೋಗಿದ್ದ, ದೀಪ ಬಂದ ಮೇಲೆ ಮತ್ತೆ ಬಂದು ಬಣ್ಣ ತೆಗೆಯಲು ಸೀಮೆಎಣ್ಣೆ ಕೇಳಿದ. ಮೂವರಿಗೂ ತಮಗೆ ಗೊತ್ತಿರುವುದು ಸುಳಿವೆಂದೇ ಗೊತ್ತಿಲ್ಲ. ಒಬ್ಬರಿಗೆ ಅದು ರಾಗದ ಕತೆ, ಇನ್ನೊಬ್ಬರಿಗೆ ಅವಮಾನದ ಕತೆ, ಮತ್ತೊಬ್ಬರಿಗೆ ಸೀಮೆಎಣ್ಣೆಯ ಲೆಕ್ಕ. ಮೂವರೂ ಒಂದೆಡೆ ಸೇರಿ ಮಾತಾಡಿದಾಗ ಹಗ್ಗ ಎಲ್ಲಿಯದು, ಕೈ ಯಾರದು ಎಂಬುದು ಹೊಳೆಯುತ್ತದೆ. ಕಲಾವಿದನ ಕೈಗೆ ಬಣ್ಣ ಯಾವಾಗಲೂ ಇರುತ್ತದೆ, ಹಾಗಾಗಿ ಅದನ್ನು ಯಾರೂ ಗಮನಿಸುವುದಿಲ್ಲ. ಎರಡನೆಯ ಸಲ ಯಾಕೆ ಬಣ್ಣವಾಯಿತು ಎಂದು ಕೇಳಬಲ್ಲವಳು ಅಡುಗೆಯಾಕೆ ಒಬ್ಬಳೇ.

ಆ ಅಡುಗೆಯಾಕೆಯ ಲಕೋಟೆಯನ್ನು ನಾನು ಗುಂಪಿನಲ್ಲಿ ಅತ್ಯಂತ ಮೌನಿಯಾದವರಿಗೆ ಕೊಡುತ್ತೇನೆ. ಕೊಟ್ಟು ಸುಮ್ಮನೆ ಕೂರುವುದಿಲ್ಲ. ಕ್ಯಾಂಪಿನ ಎಲ್ಲರೂ ಅವಳ ಹತ್ತಿರ ಸಾಲ ಮಾಡಿದ್ದಾರೆ, ಅವಳ ಸೊಂಟದ ಚೀಲದಲ್ಲಿ ಸಾಲದ ಪುಸ್ತಕ ಇದೆ ಎಂದು ಉಳಿದವರ ಹಾಳೆಗಳಲ್ಲಿ ಬರೆಯುತ್ತೇನೆ. ಮಾತಾಡಲು ಸಂಕೋಚಪಡುವವರನ್ನು ‘ಮಾತಾಡಿ, ಮಾತಾಡಿ’ ಎಂದು ಒತ್ತಾಯಿಸುವುದು ಹಿಂಸೆ. ಅವರ ಹತ್ತಿರ ನಾಲ್ಕು ಜನಕ್ಕೆ ಕೆಲಸ ಬೀಳುವಂತೆ ಮಾಡಿದರೆ ಒಬ್ಬೊಬ್ಬರಾಗಿ ಅವರೇ ಬಂದು ಪಕ್ಕದಲ್ಲಿ ಕೂರುತ್ತಾರೆ. ಸಭೆಯಲ್ಲಿ ಬಾಯಿ ಬಿಡದವರು ಒಬ್ಬರೆದುರು ಒಬ್ಬರು ಕೂತಾಗ ಎಷ್ಟು ಸೊಗಸಾಗಿ ಮಾತಾಡುತ್ತಾರೆ!

ಉಳಿದವರ ಗುಟ್ಟುಗಳೂ ಕೊಲೆಗೆ ಅಡ್ಡಹಾಯಬೇಕು, ಆದರೆ ಕೊಲೆಯೇ ಆಗಿರಬಾರದು. ಜನರೇಟರ್ ನಿಲ್ಲಿಸಿದ್ದು ಕಲಾವಿದನಲ್ಲ, ಮ್ಯಾನೇಜರ್. ಕಲೆಕ್ಷನ್ ಹಣದಲ್ಲಿ ತಾನು ಕೈಯಾಡಿಸಿದ್ದನ್ನು ತೋರಿಸುವ ಲೆಕ್ಕದ ಪುಸ್ತಕವನ್ನು ಕತ್ತಲಲ್ಲಿ ಬಚ್ಚಿಡುವುದಕ್ಕೆ ಆತ ಹಾಗೆ ಮಾಡಿದ. ಆ ಕತ್ತಲನ್ನು ಕಲಾವಿದ ಬಳಸಿಕೊಂಡ, ಅಷ್ಟೇ. ಹಾಸ್ಯಗಾರ ಬೇರೆ ಕಂಪನಿಯಿಂದ ಮುಂಗಡ ತೆಗೆದುಕೊಂಡಿದ್ದಾನೆ. ನಾಯಕಿಗೆ ಸ್ವಂತ ಕಂಪನಿ ಕಟ್ಟುವಾಸೆ, ಅವಳು ಸಹಿ ಮಾಡಿದ ಕರಾರುಪತ್ರ ಮಾಲೀಕನ ಜೇಬಿನಿಂದ ಹಾಸ್ಯಗಾರನ ಕೈ ಸೇರಿದೆ. ಮಾಲೀಕನ ತಮ್ಮ, ಅಣ್ಣನಿಗೆ ತಿಳಿಯದಂತೆ ಕಂಪನಿಯ ಸಾಮಾನಿನ ಮೇಲೆ ಸಾಲ ಎತ್ತಿದ್ದಾನೆ. ಕಂಟ್ರಾಕ್ಟರಿಗೆ ಬಾಕಿ ಬರಬೇಕು, ನಾಳೆಯೂ ಆಟ ನಡೆಯಲೇಬೇಕು. ಈಗ ನೋಡಿ, ಕೊಲೆ ಪತ್ತೆಯಲ್ಲಿ ಯಾರಿಗಾದರೂ ಆಸಕ್ತಿ ಇಲ್ಲದಿದ್ದರೂ ಆ ಕೋಣೆಯಲ್ಲಿ ಸುಮ್ಮನೆ ಕೂರುವ ಹಾಗಿಲ್ಲ. ನಾಯಕಿಗೆ ಪತ್ರ ಬೇಕು. ಕಂಟ್ರಾಕ್ಟರಿಗೆ ನಾಯಕಿ ಬೇಕು. ಮ್ಯಾನೇಜರ್ ಬಚ್ಚಿಟ್ಟ ಪುಸ್ತಕ ಯಾರ ಕೈಗೂ ಸಿಗಬಾರದು.

ಒಂದು ಮುಖ್ಯ ವಿಷಯ ಪತ್ತೆಯಾಗಬೇಕಾದರೆ ಅದಕ್ಕೆ ಮೂರು ದಾರಿಯಾದರೂ ಇರಬೇಕು ಎಂಬುದು ಇಂಥ ಆಟ ಕಟ್ಟುವವರು ಅನುಭವದಿಂದ ಕಂಡುಕೊಂಡ ಮಾತು. ಕಾದಂಬರಿಯ ಪತ್ತೇದಾರ ಸುಳಿವನ್ನು ಕಾಣದೆ ಹೋಗುವಂತಿಲ್ಲ, ಲೇಖಕ ಅವನ ಕಣ್ಣನ್ನು ಅತ್ತ ತಿರುಗಿಸುತ್ತಾನೆ. ನಮ್ಮ ಆಟಗಾರರು ಒಂದನ್ನು ಮರೆಯುತ್ತಾರೆ, ಇನ್ನೊಂದನ್ನು ಬೇರೆ ಅರ್ಥದಲ್ಲಿ ತಿಳಿಯುತ್ತಾರೆ, ಮೂರನೆಯದು ಸಿಕ್ಕಿಬಿಡುತ್ತದೆ. ಅಡುಗೆಯಾಕೆ ಕೊನೆಯವರೆಗೂ ಬಾಯಿ ಬಿಡದಿದ್ದರೆ? ಅದಕ್ಕೆಂದೇ ಎರಡನೆಯ ಸುತ್ತಿನಲ್ಲಿ ಆಟ ನಡೆಸುವ ಸೂತ್ರಧಾರ ಮೇಜಿನ ಮೇಲೆ ಸೀಮೆಎಣ್ಣೆ ವಾಸನೆಯ ಒಂದು ಬಟ್ಟೆ ತಂದಿಡುತ್ತಾನೆ. ನಿಜವಾದ ಬಟ್ಟೆ, ನಿಜವಾದ ವಾಸನೆ. ಎಲ್ಲರ ಮೂಗು ಅಡುಗೆಮನೆಯ ಕಡೆ ತಿರುಗುತ್ತದೆ.

ಸುಳ್ಳಿನ ಬಗ್ಗೆ ಸ್ಪಷ್ಟ ನಿಯಮ ಬೇಕು. ನಮ್ಮ ಆಟಗಳಲ್ಲಿ ಸುಳ್ಳು ಹೇಳುವ ಹಕ್ಕು ಕೊಲೆಗಾರನಿಗೆ ಮಾತ್ರ. ಉಳಿದವರು ಮುಚ್ಚಿಡಬಹುದು, ಮಾತು ತಪ್ಪಿಸಬಹುದು, ‘ಅದನ್ನು ನಿಮಗ್ಯಾಕೆ ಹೇಳಲಿ’ ಎನ್ನಬಹುದು. ಹಾಳೆಯಲ್ಲಿ ಇರುವುದನ್ನು ಇಲ್ಲ ಎನ್ನುವಂತಿಲ್ಲ. ಎಲ್ಲರೂ ಸುಳ್ಳು ಹೇಳಬಹುದಾದರೆ ತರ್ಕಕ್ಕೆ ಕಾಲೂರಲು ನೆಲವೇ ಇರುವುದಿಲ್ಲ. ಕೊಲೆಗಾರನಿಗೆ ತಾನು ಕೊಲೆಗಾರನೆಂದು ಮೊದಲೇ ತಿಳಿಸಬಾರದು, ಕೊನೆಯ ಸುತ್ತಿನಲ್ಲಿ ಅವನಿಗೂ ಅಚ್ಚರಿಯಾಗಲಿ ಎನ್ನುವವರಿದ್ದಾರೆ. ನನಗೆ ಅದು ಸರಿಕಾಣುವುದಿಲ್ಲ. ಗೊತ್ತಿಲ್ಲದೆ ಕೊಂದವನಿಗೆ ಪಕ್ಷವೇ ಇರುವುದಿಲ್ಲ. ಮೂರು ಗಂಟೆ ಆ ಭಾರ ಹೊತ್ತು ನಗುನಗುತ್ತ ಓಡಾಡುವುದರಲ್ಲೇ ಆ ಪಾತ್ರದ ರುಚಿ ಇದೆ.

1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ಅವರೂ ಪತ್ತೇದಾರಿ ಲೇಖಕರೇ, ಈ ಬಗೆಯ ಕತೆಗಳಿಗೆ ಹತ್ತು ಕಟ್ಟಳೆ ಬರೆದರು. ದೆವ್ವ ಭೂತ ತರಬಾರದು, ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗರಿಂದ ಮುಚ್ಚಿಡಬಾರದು, ಇತ್ಯಾದಿ. ಅದರಲ್ಲಿ ಏಳನೆಯದು ಪತ್ತೇದಾರನೇ ಕೊಲೆಗಾರನಾಗಬಾರದು ಎಂಬುದು. ನಮ್ಮ ಆಟ ಆ ಒಂದು ಕಟ್ಟಳೆಯನ್ನು ಹುಟ್ಟಿನಿಂದಲೇ ಮುರಿದಿದೆ. ಇಲ್ಲಿ ಪ್ರತಿಯೊಬ್ಬರೂ ಪತ್ತೇದಾರರು, ಪ್ರತಿಯೊಬ್ಬರೂ ಶಂಕಿತರು. ಉಳಿದ ಕಟ್ಟಳೆಗಳ ಹಿಂದಿರುವ ನ್ಯಾಯಬುದ್ಧಿ ಮಾತ್ರ ನಮಗೂ ಬೇಕು. ಸೋತವರು ‘ಛೆ, ಇದು ನಮ್ಮ ಕಣ್ಣೆದುರೇ ಇತ್ತಲ್ಲ’ ಎನ್ನಬೇಕೇ ಹೊರತು ‘ಇದು ನಮಗೆ ಹೇಗೆ ಗೊತ್ತಾಗಬೇಕಿತ್ತು’ ಎನ್ನಬಾರದು.

ಅಗಾಥಾ ಕ್ರಿಸ್ಟಿಯ 1956ರ ‘ಡೆಡ್ ಮ್ಯಾನ್ಸ್ ಫಾಲಿ’ ಕಾದಂಬರಿಯನ್ನು ಕೊಲೆಯಾಟ ಬರೆಯುವ ಪ್ರತಿಯೊಬ್ಬರೂ ಓದಬೇಕು. ಡೆವನ್ ಪ್ರಾಂತದ ದೊಡ್ಡ ಮನೆಯೊಂದರ ಉತ್ಸವಕ್ಕೆ ಅರಿಯಾಡ್ನೆ ಆಲಿವರ್ ಎಂಬ ಲೇಖಕಿ ಕೊಲೆ ಹುಡುಕಾಟದ ಆಟವೊಂದನ್ನು ಕಟ್ಟುತ್ತಾಳೆ. ಸುತ್ತಲಿನವರು ಒಬ್ಬೊಬ್ಬರಾಗಿ ‘ಇದನ್ನು ಸ್ವಲ್ಪ ಬದಲಿಸಿದರೆ ಹೇಗೆ’ ಎನ್ನುತ್ತ ಹೋಗುತ್ತಾರೆ. ತನ್ನನ್ನು ಯಾರೋ ತಮಗೆ ಬೇಕಾದ ಕಡೆ ನೂಕುತ್ತಿದ್ದಾರೆ ಎಂದು ಅವಳಿಗೆ ಅನ್ನಿಸುತ್ತದೆ, ಪತ್ತೇದಾರ ಪ್ವಾರೊನನ್ನು ಕರೆಸುತ್ತಾಳೆ. ಕೊನೆಗೆ ಹೆಣದ ಪಾತ್ರ ವಹಿಸಿದ ಹುಡುಗಿಯೇ ದೋಣಿಮನೆಯಲ್ಲಿ ನಿಜವಾಗಿ ಸತ್ತಿರುತ್ತಾಳೆ. ಡಾರ್ಟ್ ನದಿಯ ದಂಡೆಗಿದ್ದ ತನ್ನದೇ ಗ್ರೀನ್‌ವೇ ಮನೆಯನ್ನು ಕ್ರಿಸ್ಟಿ ಆ ಕತೆಗೆ ಮಾದರಿಯಾಗಿ ಇಟ್ಟುಕೊಂಡಿದ್ದಳು. ಆಟಕ್ಕೂ ಬದುಕಿಗೂ ನಡುವೆ ಇರುವ ಗೆರೆ ಎಷ್ಟು ತೆಳು ಎಂಬುದನ್ನು ಆಕೆ ಚೆನ್ನಾಗಿ ಬಲ್ಲಳು.

ಆ ಗೆರೆಯನ್ನು ಕಾಯುವುದು ಸೂತ್ರಧಾರನ ಕೆಲಸ. ಲಕೋಟೆ ಹಂಚುವ ಮುನ್ನ ನಾನು ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳುತ್ತೇನೆ, ನಿಮಗೆ ಯಾವ ವಿಷಯ ಬೇಡ ಎಂದು. ಮನೆಯಲ್ಲಿ ಇತ್ತೀಚೆಗೆ ಸಾವಾಗಿರುವವರಿಗೆ ವಿಧವೆಯ ಪಾತ್ರ ಕೊಡಬಾರದು. ನಿಜಜೀವನದಲ್ಲಿ ಅತ್ತೆ ಸೊಸೆ ಆಗಿರುವವರನ್ನು ಆಟದಲ್ಲೂ ಎದುರಾಳಿಗಳನ್ನಾಗಿ ಕೂರಿಸಬಾರದು. ಜಾತಿಯ ಹೆಸರು ಹಿಡಿದು ಬೈಯುವ ಪಾತ್ರವನ್ನು ನಾನು ಬರೆಯುವುದೇ ಇಲ್ಲ, ಎಂಥ ಕತೆಗೂ ಅದು ಬೇಕಾಗಿಲ್ಲ. ಸ್ಕ್ಯಾಂಡಿನೇವಿಯಾದ ದೇಶಗಳಲ್ಲಿ ಪಾತ್ರದಾಟ ಆಡುವವರು ಎರಡು ಪದಗಳನ್ನು ಮೊದಲೇ ಗೊತ್ತು ಮಾಡಿಕೊಂಡಿರುತ್ತಾರೆ. ಒಂದು ಹೇಳಿದರೆ ಎದುರಿನವರು ಜೋರು ಕಡಿಮೆ ಮಾಡಬೇಕು, ಇನ್ನೊಂದು ಹೇಳಿದರೆ ಆಟ ಅಲ್ಲಿಗೇ ನಿಲ್ಲಬೇಕು. ನಮ್ಮಲ್ಲಿ ‘ಮೆಲ್ಲಗೆ’, ‘ಸಾಕು’ ಎಂಬ ಎರಡು ಮಾತು ಆ ಕೆಲಸ ಮಾಡುತ್ತವೆ. ಯಾಕೆ ಎಂದು ಯಾರೂ ಕೇಳುವ ಹಾಗಿಲ್ಲ.

ಆಟ ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ಹಾಳೆಯನ್ನು ಮೇಜಿನ ಮೇಲೆ ಹರಡಬೇಕು. ಇದಕ್ಕೆ ಅರ್ಧ ಗಂಟೆ ಮೀಸಲಿಡಿ, ಇದನ್ನು ಬಿಟ್ಟು ಮನೆಗೆ ಹೋಗಬೇಡಿ. ‘ನೀನು ನನ್ನ ಕರಾರುಪತ್ರ ಇಟ್ಟುಕೊಂಡೇ ಅಷ್ಟು ಹೊತ್ತು ನನಗೆ ಸಮಾಧಾನ ಹೇಳಿದೆಯಾ!’ ಎಂದು ನಾಯಕಿ ಹಾಸ್ಯಗಾರನ ಬೆನ್ನಿಗೆ ಗುದ್ದುವುದು, ಕಲಾವಿದನ ಹಾಳೆ ಓದಿ ಕಂಟ್ರಾಕ್ಟರ್ ‘ಪಾಪ’ ಎನ್ನುವುದು, ಇವೆಲ್ಲ ಆಗ ನಡೆಯುತ್ತವೆ. ಬೇರೆಯವರಾಗಿ ಆಡಿದ ಜಗಳ ಅಲ್ಲಿಗೆ ಇಳಿದು ಹೋಗುತ್ತದೆ.

ಇಂಗ್ಲಿಷಿನಲ್ಲಿ ಇಂಥ ಆಟಗಳು ಪೆಟ್ಟಿಗೆಯಲ್ಲಿ ಸಿದ್ಧವಾಗಿ ಸಿಗುತ್ತವೆ. ತಂದು ಆಡಬಹುದು, ತಪ್ಪೇನಿಲ್ಲ. ಆದರೆ ಬಂಗಲೆಯ ಬಟ್ಲರು, ನಿವೃತ್ತ ಕರ್ನಲ್ಲು ನಮ್ಮವರ ಬಾಯಲ್ಲಿ ಎರಡು ವಾಕ್ಯಕ್ಕೇ ಒಣಗಿಹೋಗುತ್ತಾರೆ. ಅದೇ ಜನಕ್ಕೆ ಪೇಟಿ ಮಾಸ್ತರನ ಪಾತ್ರ ಕೊಡಿ, ಮದುವೆ ಛತ್ರದ ಮ್ಯಾನೇಜರ್, ಅಡಿಕೆ ಮಂಡಿಯ ಗುಮಾಸ್ತ, ಸಹಕಾರ ಸಂಘದ ಕಾರ್ಯದರ್ಶಿ ಮಾಡಿ. ಧಾರವಾಡದವರು ಧಾರವಾಡದ ಮಾತಿನಲ್ಲಿ, ಕುಂದಾಪುರದವರು ಕುಂದಾಪುರದ ಮಾತಿನಲ್ಲಿ ಜಗಳಕ್ಕೆ ನಿಲ್ಲುತ್ತಾರೆ. ಒಂದು ಆಟವನ್ನು ಅದೇ ಜನ ಎರಡನೆಯ ಸಲ ಆಡಲಾಗದು, ಗುಟ್ಟು ಬಯಲಾಗಿರುತ್ತದೆ. ಹಾಗಾಗಿ ಬರೆಯುವವರು ತುಂಬ ಜನ ಬೇಕು, ಕತೆಗಾರರೇ ಆಗಬೇಕಿಲ್ಲ. ಮೇಷ್ಟ್ರು ಬರೆಯಬಹುದು, ಬ್ಯಾಂಕಿನವರು ಬರೆಯಬಹುದು, ರಜೆಯಲ್ಲಿ ಮನೆಗೆ ಬಂದ ಮಕ್ಕಳು ಅಜ್ಜಿಯ ಜೊತೆ ಕೂತು ಬರೆಯಬಹುದು.

ಮೊದಲ ಆಟಕ್ಕೆ ಆರು ಪಾತ್ರ ಸಾಕು, ಎರಡು ಗಂಟೆ ಸಾಕು. ಒಂದು ಪಾತ್ರಕ್ಕೆ ಒಂದು ಪುಟ ಮೀರಬೇಡಿ. ಬರೆದಾದ ಮೇಲೆ, ಆಟದಲ್ಲಿ ಸೇರದ ಒಬ್ಬ ಗೆಳೆಯರನ್ನು ಹಿಡಿಯಿರಿ. ಕೊಲೆಗಾರನ ಹಾಳೆಯಿಂದ ಕೊಲೆಯ ಸಾಲುಗಳನ್ನು ತೆಗೆದು ಆರೂ ಹಾಳೆಗಳನ್ನು ಅವರಿಗೆ ಓದಲು ಕೊಡಿ. ಎಲ್ಲ ಓದಿದ ಮೇಲೂ ಕೊಂದವರು ಯಾರೆಂದು ಅವರಿಗೆ ಹೊಳೆಯದಿದ್ದರೆ ಇನ್ನೊಂದು ಸುಳಿವು ಸೇರಿಸಿ. ಮೂರನೆಯ ಹಾಳೆಗೇ ಹೊಳೆದುಬಿಟ್ಟರೆ ಒಂದನ್ನು ತೆಗೆದು, ಯಾರಿಗೆ ಮಾತು ಕಡಿಮೆಯೋ ಅವರ ಹಾಳೆಗೆ ವರ್ಗಾಯಿಸಿ.